ಗಿರಿಜವ್ವ ಹೆಸರು ಹಿಡಿದು ಕರೆದ ವರ್ಷ

ಮಾಸೂರಿನಲ್ಲಿ ಯಾರನ್ನೇ ಕೇಳಿ, ಆ ವರ್ಷದ ಕಥೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ: ಗಿರಿಜವ್ವ ಬಾಯಿಬಿಟ್ಟು ಗಂಡನ ಹೆಸರು ಹೇಳಿದಳು, ಗಂಡ ಸತ್ತ. ಸ್ವಿಚ್ ಒತ್ತಿದಳು, ದೀಪ ಆರಿತು ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಬಸ್ಸಿಗೆ ಕಾಯುತ್ತ ಚಹಾ ಕುಡಿಯುವವರು, ಕೆರೆಯಲ್ಲಿ ಬಟ್ಟೆ ಒಗೆದು ಬರುವವರು, ಓದಿದವರು, ಓದದವರು, ಎಲ್ಲರ ಬಾಯಲ್ಲೂ ಇದೇ. ನಾನು ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಜಗಳಾಡಿ ಬೆಳೆದವಳು. ಒಂದರ ಹಿಂದೆ ಇನ್ನೊಂದು ಆಯಿತೆಂದು ಒಂದರಿಂದಲೇ ಇನ್ನೊಂದು ಆಯಿತು ಎನ್ನುವವರನ್ನು ಮೊದಲ ಸುತ್ತಿನಲ್ಲೇ ಹರಿದು ಹಾಕುತ್ತಿದ್ದೆ. ಅವನ ಹೆಸರು ದ್ಯಾಮಪ್ಪ. ಇಗೋ, ನಾನೂ ಹೇಳಿದೆ. ಅವನ ತಾಯಿ ದಿನಕ್ಕೆ ಹತ್ತು ಸಲ ಹೇಳಿದ್ದಾಳೆ, ರೇಷನ್ ಅಂಗಡಿಯವನು ಕೂಗಿದ್ದಾನೆ, ಶಾಲೆಯ ಮಾಸ್ತರರು ಹಾಜರಿ ಹಾಕಿದ್ದಾರೆ. ಹೆಸರು ಹೇಳಿದರೆ ಸಾಯುವುದಾಗಿದ್ದರೆ ಅವನು ಒಂದನೇ ಇಯತ್ತೆಯಲ್ಲೇ ಸಾಯಬೇಕಿತ್ತು.

ಇಷ್ಟು ಹೇಳಿ ನಾನು ಗೆದ್ದವಳಂತೆ ಕೂರಬಹುದು. ಮೂರು ವರ್ಷ ಹಾಗೆ ಕೂತೂ ಇದ್ದೆ. ಹೋದ ವಾರ ಶಿಗ್ಗಾವಿಯ ಕಡೆಯಿಂದ ತಡಸಕ್ಕೆ ಹೋಗುವ ಬಸ್ಸು ದಾರಿಯಲ್ಲಿ ನಿಂತಿತು. ಡಾಂಬರು ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಅದರ ಮೇಲೆ ಅಕಾಲದ ಮಳೆ ಬಿದ್ದು ಕಾಳು ಮುಗ್ಗಿತ್ತು. ಬೆಲ್ಲ ಕೊಳೆತಂತಹ ಆ ಹುಳಿ ನಾತ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಬಲಗೈ ತಾನಾಗಿಯೇ ಮುಷ್ಟಿಯಾಯಿತು. ಒಂದು ಮಳೆಗಾಲವಿಡೀ ಆ ನಾತದಲ್ಲೇ ನಾನು ಒಂದು ಗೋಡೆಯನ್ನು ಗುದ್ದಿದ್ದೆ.

ಆ ವರ್ಷ ಮಾಸೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಲು ಹಂಗಾಮಿಯಾಗಿ ಸೇರಿದ್ದೆ. ನನ್ನ ಊರು ಸವಣೂರು. ಮನೆಯಲ್ಲಿ ಅಜ್ಜ ದಿನವೂ ಬೆಳಿಗ್ಗೆ ವಿಷ್ಣುವಿನ ಸಾವಿರ ಹೆಸರು ಹೇಳುವವರು. ಸಾವಿರ ಹೆಸರಿದ್ದವನಿಗೆ ನಿಜವಾದ ಹೆಸರು ಒಂದೂ ಇಲ್ಲವೆಂದೇ ಅರ್ಥ ಎಂದು ಅವರ ಜೊತೆ ವಾದಕ್ಕಿಳಿಯುವವಳು ನಾನು. ಮಾಸೂರಿನಲ್ಲಿ ನನಗೆ ಸಿಕ್ಕ ಕೋಣೆ ಒಂದು ಹಳೆಯ ಮನೆಯ ಅರ್ಧ. ನಡುವೆ ಇಟ್ಟಿಗೆಯ ಒಂಟಿ ಗೋಡೆ. ಆಚೆಯ ಅರ್ಧದಲ್ಲಿ ದ್ಯಾಮಪ್ಪ, ಅವನ ತಾಯಿ, ಅವನ ಹೆಂಡತಿ ಗಿರಿಜವ್ವ. ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಅವನ ಹೋರಿ. ಹೋರಿ ಓಡಿಸುವ ಹಬ್ಬ ನಮ್ಮ ಕಡೆ ದೀಪಾವಳಿಯಿಂದ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿಯ ಹಾರ ಕಟ್ಟಿ, ಎರಡು ಸಾಲು ಜನರ ನಡುವೆ ಹೋರಿಯನ್ನು ಬಿಡುತ್ತಾರೆ. ಹರೆಯದವರು ಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು, ಹೋರಿ ಕೊಡದೆ ಪಾರಾಗಬೇಕು. ಹೆಸರಿಲ್ಲದ ಹೋರಿ ಅಲ್ಲಿಗೆ ಇಳಿಯುವುದಿಲ್ಲ. ದ್ಯಾಮಪ್ಪನದಕ್ಕೆ 'ಮಾಸೂರ ಸಿಡಿಲು' ಎಂದು ಹೆಸರು. ಹಾನಗಲ್ಲಿನ ಬಸ್ ನಿಲ್ದಾಣದ ಎದುರು ಅದರ ಫ್ಲೆಕ್ಸ್ ಇತ್ತು, ಹೋರಿಯ ಪಕ್ಕದಲ್ಲಿ ಕಪ್ಪು ಕನ್ನಡಕದ ದ್ಯಾಮಪ್ಪ.

ಅವನು ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದ ಎನ್ನುವುದು ಊರಿನವರ ಇನ್ನೊಂದು ಸುಳ್ಳು. ಕುಡಿತದ ಮೇಲೆ ಹಾಕಿದರೆ ಯಾರಿಗೂ ತೊಂದರೆಯಿಲ್ಲವಲ್ಲ. ಅವನು ಒಂದು ಹನಿ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಹೋರಿಯನ್ನು ಮದಗದ ಕೆರೆಗೆ ಒಯ್ದು ಈಜಿಸಿ, ಮೈ ತಿಕ್ಕಿ, ಹುರುಳಿ ಬೇಯಿಸಿ ತಿನ್ನಿಸಿ, ಆಮೇಲೆ ಅಂಗಿಯ ತೋಳು ಮಡಚಿಕೊಂಡು ಒಳಗೆ ಬರುತ್ತಿದ್ದ. ಚಟ್ನಿಗೆ ಉಪ್ಪು ಹೆಚ್ಚಾಗಿದೆ, ಹುರುಳಿ ತಳ ಹತ್ತಿದೆ, ಕರೆದಾಗ ಓಗೊಡಲಿಲ್ಲ, ಯಾವುದಾದರೂ ಆದೀತು. ಮಿರ್ಗದ ಮಳೆ ಹಿಡಿದ ಮೊದಲ ವಾರ ನಾನು ಹಲ್ಲುಜ್ಜುತ್ತ ನಿಂತಿದ್ದಾಗ ಗೋಡೆಯಾಚೆ ಆ ಸದ್ದು ಮೊದಲ ಸಲ ಕೇಳಿದ್ದು. ಹಸಿಬಟ್ಟೆಯನ್ನು ಕಲ್ಲಿಗೆ ಬಡಿದಂತೆ, ಒಂದು, ಎರಡು, ಮೂರು. ಬಟ್ಟೆಯೇ ಒಗೆಯುತ್ತಿದ್ದಾರೆ ಎಂದುಕೊಂಡೆ. ನಾಲ್ಕನೆಯದಕ್ಕೆ ಬಟ್ಟೆ ನರಳಿತು.

ನಾನು ಗೋಡೆಗೆ ಗುದ್ದಿದೆ. ಸದ್ದು ನಿಂತಿತು. ಆಮೇಲೆ ಅಲ್ಲಿಂದಲೂ ಒಂದು ಗುದ್ದು ಬಂತು, ನನ್ನ ಕಡೆಯ ಸುಣ್ಣ ಉದುರುವಷ್ಟು ಜೋರಾಗಿ. ಮತ್ತೆ ಹೊಡೆತ ಶುರುವಾಯಿತು.

ಹೊರಗೆ ಬಂದು ಅವನ ತಾಯಿಯನ್ನು ಕೇಳಿದೆ. ಮುದುಕಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. "ನಿಮ್ಮ ಪಾಠ ಸಾಲ್ಯಾಗ ಹೇಳ್ರಿ ಅಕ್ಕೋರ, ಮನ್ಯಾಗ ಬ್ಯಾಡ," ಅಂದಳು. "ನನ್ನ ಮಗ ಆ ಹೋರಿಗೆ ಒಂದಿನಾ ಬಾರಕೋಲ ತಾಗಿಸ್ಯಾನೇನು ಕೇಳ್ರಿ. ಕೆಟ್ಟಾಂವಲ್ಲ ಅಂವ."

ಅದು ನಿಜ. ದನಕ್ಕೆಂದು ತಂದ ಬಾರುಕೋಲು ಆ ಮನೆಯಲ್ಲಿ ದನದ ಮೈ ಮುಟ್ಟಿರಲಿಲ್ಲ.

ಗಿರಿಜವ್ವನಿಗೆ ಆಗ ಮೂವತ್ತರ ಸುಮಾರು. ಕೆರೆ ಕೆಳಗಿನ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು, ಏನು ಸಿಕ್ಕರೆ ಅದು. ಆರಿದ್ರಾ ಮಳೆಯ ಒಂದು ರವಿವಾರ, ಗಂಡ ಹೋರಿಗೆ ಹೊಸ ಹಗ್ಗ ತರಲು ಹಿರೇಕೆರೂರಿಗೆ ಹೋಗಿದ್ದಾಗ, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ನನ್ನ ಬಾಗಿಲಿಗೆ ಬಂದಳು. ಕೆಳತುಟಿ ಸೀಳಿತ್ತು. ರಟ್ಟು ಹರಿದ ದಪ್ಪ ಪುಸ್ತಕ ಹೊರತೆಗೆದಳು. ಹಿಂದಿನ ವರ್ಷ ಪಕ್ಕೆಲುಬು ಮುರಿದು ದವಾಖಾನೆಯಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯ ಹೆಂಗಸು ಕೊಟ್ಟು ಹೋದದ್ದಂತೆ. ಯೆಹೂದ್ಯರ ಹಳೆಯ ಗ್ರಂಥಗಳ ಕನ್ನಡ. ಮನೆಯಲ್ಲಿ ಮುಗ್ಗುತ್ತಿದ್ದ ಗೋವಿನಜೋಳದ ಚೀಲದೊಳಗೆ ಇಟ್ಟಿದ್ದರಿಂದ ಅದಕ್ಕೂ ಆ ಹುಳಿ ನಾತ.

"ನನಗ ಓದಾಕ ಬರತೈತ್ರಿ ಅಕ್ಕೋರ, ಖರೇ ಕೂಡಿಸಿ ಕೂಡಿಸಿ ಓದ್ಬೇಕು. ಇದೊಂದು ಹೇಳ್ರಿ. ಈ ದೇವರು ಹೆಜ್ಜಿಗೊಮ್ಮೆ ತನ್ನ ಹೆಸರ ಹೇಳ್ಕೋತಾನಲ್ಲ, ಯಾಕ?"

ಯಾರನ್ನು ಕೇಳಬೇಕೋ ಅವರನ್ನೇ ಕೇಳಿದ್ದಳು. ಧಾರವಾಡದಲ್ಲಿ ಒಮ್ಮೆ 'ದೇವರಿಗೆ ಹೆಸರು ಬೇಕೇ?' ಎಂಬ ವಿಷಯ ಬಂದಿತ್ತು. ಬೇಡ ಎನ್ನುವ ಪಕ್ಷ ನನ್ನದು. ಎದುರಾಳಿ ಏನೇನು ಎತ್ತಬಹುದೋ ಅದನ್ನೆಲ್ಲ ಮೊದಲೇ ಓದಿಕೊಂಡು ಹೋಗುವುದು ನನ್ನ ಪದ್ಧತಿ. ಹಾಗಾಗಿ ಆ ದೇವರ ಹೆಸರಿನ ನಾಲ್ಕು ಹೀಬ್ರೂ ಅಕ್ಷರಗಳ ಬಗ್ಗೆ ನನಗೆ ಗೊತ್ತಿತ್ತು. ಹೀಬ್ರೂ ಭಾಷೆಯಲ್ಲಿ ದೇವರು, ಒಡೆಯ ಎನ್ನುವುದಕ್ಕೆ ಬೇರೆ ಬೇರೆ ಮಾತುಗಳಿವೆ, ಅವು ಪದವಿಗಳು. ಇದು ಅವನ ಸ್ವಂತ ಹೆಸರು. ನಮ್ಮಲ್ಲಿ ಯೆಹೋವ ಎಂದು ಬರೆಯುತ್ತಾರೆ. ಇರುವುದು ಎನ್ನುವ ಕ್ರಿಯಾಪದದ ಬೇರಿಗೆ ಅದನ್ನು ಗಂಟುಹಾಕಿದ್ದಾರೆ; ನಾನು ಇದ್ದೇನೆ, ಇರುತ್ತೇನೆ ಎಂಬ ಮಾತಿನ ಹತ್ತಿರದ್ದು. ಹೆಸರು ಹೇಳುವುದೆಂದರೆ ಕರೆಯುವ ಹಕ್ಕು ಕೊಡುವುದು. ಒಡೆಯನನ್ನು ಆಳುಗಳು ಹೆಸರು ಹಿಡಿದು ಕರೆಯುವುದಿಲ್ಲ. ಚಾಟಿಯ ಕೆಳಗೆ ಇಟ್ಟಿಗೆ ಸುಡುತ್ತಿದ್ದ ಆಳುಗಳ ಗುಂಪಿಗೆ ಒಬ್ಬ ದೇವರು ತನ್ನ ಹೆಸರು ಹೇಳಿಕಳಿಸುತ್ತಾನೆ ಅಂದರೆ, ಇನ್ನು ಮೇಲೆ ನೀವು ಕೂಗಬಹುದು, ನಾನು ತಿರುಗಿ ನೋಡಬೇಕಾಗುತ್ತದೆ ಎಂದು ಒಪ್ಪಿಕೊಂಡಂತೆ. ಇದನ್ನೆಲ್ಲ ನಾನು ನಂಬಿ ಹೇಳಲಿಲ್ಲ. ಎದುರು ಪಕ್ಷದ ವಾದವನ್ನು ಚೆನ್ನಾಗಿ ಮಂಡಿಸಬಲ್ಲೆ ಎಂಬ ಜಂಬದಿಂದ ಹೇಳಿದೆ.

"ಯಾರ ಕಡೆ ಹೇಳಿ ಕಳಿಸಿದ್ನಿರಿ?"

ಆಡು ಕಾಯುವ ಒಬ್ಬನ ಕಡೆ ಎಂದೆ. ಆಳನ್ನು ಬಡಿಯುತ್ತಿದ್ದ ಒಬ್ಬನನ್ನು ಹೊಡೆದು ಕೊಂದು, ಉಸುಕಿನಲ್ಲಿ ಹೂತು, ದೇಶಬಿಟ್ಟು ಓಡಿದವನು ಅವನು.

ಗಿರಿಜವ್ವ ತುಟಿಯ ಗಾಯ ಮುಟ್ಟಿಕೊಂಡಳು. "ಕೊಂದಾವಗನ ಹೇಳಿದ್ನೇನ್ರಿ ಹೆಸರಾ? ಬಡಿಸ್ಕೊಂಡೋರಿಗೆ ನೆಟ್ಟಗ ಹೇಳಬಾರದಾಗಿತ್ತೇನ್ರಿ?"

ಧಾರವಾಡದ ವೇದಿಕೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನು ಇನ್ನೊಂದು ಕಥೆ ಹೇಳಿದೆ. ಯಜಮಾನಿತಿಯ ಕಾಟ ತಡೆಯಲಾರದೆ ಬಸುರಿ ದಾಸಿಯೊಬ್ಬಳು ಮರಳುಗಾಡಿಗೆ ಓಡಿಹೋಗುತ್ತಾಳೆ. ನೀರಿನ ಒರತೆಯ ಹತ್ತಿರ ಅವಳಿಗೆ ದೇವರ ದನಿ ಕೇಳುತ್ತದೆ. ಅವನಿಗೆ ಅವಳೇ ಒಂದು ಹೆಸರಿಡುತ್ತಾಳೆ, ನನ್ನನ್ನು ನೋಡುವವನು ಎಂದು.

"ಆಮ್ಯಾಲ?"

"ಆಮ್ಯಾಲ ತಿರುಗಿ ಆ ಯಜಮಾನಿತಿ ಮನೀಗೇ ಹೋಗು ಅಂದ."

"ಹಂಗಾರ ಅಂವ ನಮ್ಮವ್ವನಂಥಾವನ ಬಿಡ್ರಿ, ಆಕಿನೂ ಗಂಡನ ಮನೀಗೇ ತಿರುಗಿ ಕಳಿಸ್ತಾಳ," ಎಂದು ಗಿರಿಜವ್ವ ನಕ್ಕಳು. ಸೀಳಿದ ತುಟಿಯಿಂದ ಮತ್ತೆ ರಕ್ತ ಬಂತು. ಸೆರಗಿನಿಂದ ಒರೆಸಿಕೊಂಡಳು. "ಆದರೂ ನೋಡಿದ್ನಲ್ರಿ. ಹನ್ನೊಂದು ವರ್ಷಾತು, ಇವರು ಒಂದಿನಾನೂ ನನ್ನ ಮಾರಿ ನೋಡಿಲ್ಲ. ಬಡಿಯುವಾಗ ಸುದ್ದಾ ಗ್ವಾಡಿ ನೋಡಿಕೋತ ಬಡೀತಾರ."

ಆಮೇಲೆ ಆ ಜನ ದೇವರ ಹೆಸರನ್ನು ಬಾಯಲ್ಲಿ ಹೇಳುವುದನ್ನೇ ಬಿಟ್ಟರು ಎಂದೆ. ಪುಸ್ತಕದಲ್ಲಿ ಆ ಅಕ್ಷರ ಬಂದಲ್ಲೆಲ್ಲ 'ನನ್ನ ಒಡೆಯ' ಎಂದು ಓದುತ್ತಾರೆ. ಹೀಗೆ ಬಿಟ್ಟು ಬಿಟ್ಟು, ಅದನ್ನು ಸರಿಯಾಗಿ ಹೇಗೆ ಕರೆಯುತ್ತಿದ್ದರು ಎಂಬುದೇ ಈಗ ಯಾರಿಗೂ ಖಾತ್ರಿಯಿಲ್ಲ. ಇದನ್ನು ವಿವರಿಸಲು ಧಾರವಾಡದಲ್ಲಿ ನನಗೆ ಐದು ನಿಮಿಷ ಬೇಕಾಗಿತ್ತು. ಗಿರಿಜವ್ವನಿಗೆ ಅರ್ಧ ನಿಮಿಷ ಸಾಕಾಯಿತು.

"ನಾವು ಯಜಮಾನ್ರು ಅಂತೇವಲ್ರಿ, ಹಂಗ."

ಗಂಡ ಎನ್ನುವುದಕ್ಕೂ ಒಡೆಯ ಎನ್ನುವುದಕ್ಕೂ ಆ ಭಾಷೆಯಲ್ಲಿ ಒಂದೇ ಮಾತಿತ್ತು. ಇನ್ನು ಮುಂದೆ ನನ್ನನ್ನು ಹಾಗೆ ಕರೆಯಬೇಡ, ನನ್ನವನೇ ಎಂದು ಕರೆ ಎಂದು ದೇವರು ಹೇಳುವುದಾಗಿ ಅವರ ಪ್ರವಾದಿಯೊಬ್ಬ ಬರೆದಿಟ್ಟಿದ್ದಾನೆ. ಅದನ್ನು ಹೇಳಿದಾಗ ಅವಳು ಪುಸ್ತಕ ಮುಚ್ಚಿ, "ಅದು ಮಾತು," ಅಂದಳು. "ಮಾತು ಎಲ್ಲಾರೂ ಆಡ್ತಾರ."

ಪುಷ್ಯದ ಮಳೆ ನಿಲ್ಲದೆ ಸುರಿಯಿತು. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು ಕಾಳು ಕೇರುತ್ತ, ಹಿಂದಿನ ದಿನ ಓದಿದ್ದನ್ನು ಬಾಯಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ಯೆ, ಹೋ, ವ. ಮೊರದ ತಾಳಕ್ಕೆ ಸರಿಯಾಗಿ ಗೋಡೆಯ ಈಚೆ ನನಗೂ ಕೇಳುತ್ತಿತ್ತು. ದ್ಯಾಮಪ್ಪ ಕೊಟ್ಟಿಗೆಯಿಂದ ಒಳಗೆ ಬಂದ.

"ಯಾವನ್ಲೇ ಅಂವ? ನನ್ನ ಹೆಸರ ಬರದ ಬಾಯಾಗ ಯಾವನ ಹೆಸರ ಬರಾಕತ್ತೈತಿ?"

"ದೇವ್ರದ್ರಿ."

"ಯಾ ಊರ ದೇವ್ರಲೇ? ಹೊಲದಾಗ ಸಿಗ್ತಾನೇನು? ಕೆರಿ ಕಡೆ ಸಿಗ್ತಾನೇನು?"

ಮೊರ ಬಿದ್ದ ಸದ್ದು. ಕಾಳು ಚೆಲ್ಲಿದ ಸದ್ದು. ಆಮೇಲಿನದನ್ನು ನಾನು ಗೋಡೆಯ ಮೂಲಕ ಕೇಳುತ್ತ ನಿಲ್ಲಲಿಲ್ಲ. ಸುತ್ತಿ ಹೋಗಿ ಬಾಗಿಲು ತಳ್ಳಿದೆ. ಅವನು ಬಾರುಕೋಲನ್ನು ತಿರುವಿ ಹಿಡಿದು ಬುಡದಿಂದ ಹೊಡೆಯುತ್ತಿದ್ದ. ಅವಳು ಮುಖಕ್ಕೆ ಅಡ್ಡ ಹಿಡಿದ ಎಡಗೈಯ ಮೇಲೆ, ಮತ್ತೆ ಅದರ ಮೇಲೆ, ಮತ್ತೆ ಅದೇ ಜಾಗದ ಮೇಲೆ. ಅವಳು ಹೇಳಿದ್ದು ನಿಜ: ಅವನ ಕಣ್ಣು ಗೋಡೆಯ ಮೇಲಿತ್ತು. ಒಣಗಿದ ಕಡ್ಡಿ ಮುರಿದ ಸದ್ದು ಬಂದ ಮೇಲೂ ಎರಡು ಹೊಡೆತ ಬಿದ್ದವು. ನಾನು ಕೋಲಿಗೆ ಜೋತುಬಿದ್ದೆ. ನನ್ನನ್ನೂ ಗೋಡೆಗೆ ಎಸೆದ. ಹೆಗಲಿನ ಮೂಳೆ ತಿಂಗಳುಗಟ್ಟಲೆ ನೋಯುತ್ತಿತ್ತು. ಅವನು ಪುಸ್ತಕವನ್ನು ಹುಡುಕಿ ತೆಗೆದು ಹಿತ್ತಲಿಗೆ ಎಸೆದ. ಅದು ನೇರ ಗೋದಲಿಯಲ್ಲಿ ಬಿತ್ತು. ನಾವು ಹೊರಬರುವಷ್ಟರಲ್ಲಿ ಮಾಸೂರ ಸಿಡಿಲು ನಾಲ್ಕಾರು ಹಾಳೆ ಮೇದಿತ್ತು.

"ದೇವ್ರ ಹೆಸರ ಈಗ ಹೋರಿ ಹೊಟ್ಟ್ಯಾಗ ಐತಿ ನೋಡ್ರಿ," ಎಂದಳು ಗಿರಿಜವ್ವ, ಮುರಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದುಕೊಂಡು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ.

ಕೈಗೆ ಪಟ್ಟಿ ಹಾಕಿಸಿ ಅಲ್ಲಿಂದಲೇ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಇದ್ದವಳು ಒಬ್ಬ ಹೆಣ್ಣು ಪೇದೆ, ಒಳ್ಳೆಯ ಹೆಂಗಸು. ನೀರು ಕೊಟ್ಟಳು, ಕುರ್ಚಿ ಎಳೆದಳು.

"ಹೇಳ ತಂಗಿ, ಬರಕೋತೇನಿ. ಗಂಡನ ಹೆಸರೇನು?"

ಗಿರಿಜವ್ವ ನೆಲ ನೋಡಿದಳು.

"ಹೇಳವಾ."

"ನಮ್ಮೂರ ಗುಡಿಯಾಗಿನ ದೊಡ್ಡವ್ವ, ಆ ದೇವೀದ ಹೆಸರ್ರಿ."

"ದುರ್ಗಪ್ಪನಾ?"

"ಅಯ್ಯ, ಅಂವ ನಮ್ಮ ಮೈದುನ! ಅವಗ ಯಾಕ ಹಿಡೀತೀರಿ, ಪಾಪ, ತಾನಾತು ತನ್ನ ಹೊಟೇಲಾತು ಅಂತ ಹುಬ್ಬಳ್ಯಾಗ ಅದಾನ."

ಪೇದೆಗೂ ನಗು ಬಂತು. ನಾನು ದ್ಯಾಮಪ್ಪ ಎಂದು ಹೇಳಿದೆ. ಅವಳು ಬರೆದುಕೊಂಡು, ಓದಿ ಹೇಳಿ, "ಇವರನ ಹೌದಲ್ಲವಾ? ಹೌದು ಅನ್ನು ಸಾಕು," ಎಂದಳು. ಗಿರಿಜವ್ವ ಹೌದೆನ್ನಲಿಲ್ಲ. ಹೌದೆಂದರೆ ಹೆಸರು ಹೇಳಿದಂತೆಯೇ ಅಲ್ಲವೇ. ಎದ್ದು ಹೊರಗೆ ಹೋಗಿ ಬಸ್ಸಿನ ದಾರಿಯಲ್ಲಿ ನಿಂತಳು. ಆ ಹಾಳೆಗೆ ಅವಳ ರುಜು ಬೀಳಲಿಲ್ಲ. ಅವಳು ಅದೇ ಮನೆಗೆ ವಾಪಸು ಹೋದಳು.

ನನಗೆ ಕೆಟ್ಟ ಸಿಟ್ಟು ಬಂದಿತ್ತು. ಮದುವೆಯ ದಿನ ಬಾಗಿಲಲ್ಲಿ ಅಡ್ಡ ನಿಂತು ಮದುಮಗಳ ಬಾಯಿಂದ ಗಂಡನ ಹೆಸರು ಹೊರಡಿಸುತ್ತಾರಲ್ಲ, ಪ್ರಾಸ ಕಟ್ಟಿದ ಒಡಪಿನೊಳಗೆ ಹುದುಗಿಸಿ? ನೀನೂ ಹೇಳಿರಬೇಕಲ್ಲ ಎಂದು ಕೇಳಿದೆ. ಹೇಳಿದ್ದೆ ಎಂದಳು. "ಹಂಗಾರ ಅಂವ ಅವತ್ತ ಯಾಕ ಸಾಯಲಿಲ್ಲ?"

"ಒಡಪಿನ್ಯಾಗ ಹೇಳಿದ್ರ ಹತ್ತೂದಿಲ್ಲರಿ."

"ಯಾರು ಹೇಳಿದ್ರು?"

"ಎಲ್ಲಾರೂ."

ಎಲ್ಲರೂ ಹೇಳಿದ ಮಾತನ್ನು ಒಬ್ಬೊಬ್ಬರಿಂದಲೂ ಕಿತ್ತು ತೆಗೆಯುವುದೇ ನನ್ನ ಕೆಲಸ ಎಂದುಕೊಂಡೆ. ಕೈಯ ಪಟ್ಟಿ ಬಿಚ್ಚಿದ ಮೇಲೆ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಸಂಜೆ ಹೊತ್ತು ಅವಳು ಹುಲ್ಲು ಕೊಯ್ಯಲು ಮದಗದ ಏರಿಗೆ ಹೋದಾಗ ನಾನೂ ಹೋಗುತ್ತಿದ್ದೆ. ತುಂಬಿದ ಕೆರೆಯ ಕಡೆ ಮುಖ ಮಾಡಿಸಿ ನಿಲ್ಲಿಸಿ, ಕಿರಿಯ ಸ್ಪರ್ಧಿಗಳಿಗೆ ತರಬೇತಿ ಕೊಡುವ ಹಾಗೆ ಅವಳಿಗೆ ಕೊಟ್ಟೆ. ದ್ಯಾ ಎನ್ನುವವರೆಗೆ ಬರುತ್ತಿದ್ದಳು, ಆಮೇಲೆ ಕೆಮ್ಮು. ಇನ್ನೊಮ್ಮೆ ದ್ಯಾ. ಕೋಲಿನ ಎದುರು ನಡುಗದ ಹೆಂಗಸು ಮೂರು ಅಕ್ಷರದ ಎದುರು ನಡುಗುತ್ತಿದ್ದಳು. ಗಂಟಲಿನಿಂದ ಬೇಡ, ಹೊಟ್ಟೆಯಿಂದ ಎತ್ತು ಎಂದೆ. ಸಭೆಯಲ್ಲಿ ಎಷ್ಟೇ ಗದ್ದಲವಿದ್ದರೂ ಒಬ್ಬನ ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡಿಯೇ ನೋಡುತ್ತಾನೆ, ಹೆಸರು ಇರುವುದೇ ಅದಕ್ಕೆ ಎಂದೆ. ಈ ಕೊನೆಯ ಮಾತನ್ನು ಅವಳು ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

"ಖರೇ ತಿರಗ್ತಾರೇನ್ರಿ? ಎಷ್ಟ ಗದ್ದಲ ಇದ್ದರೂ?"

"ಖರೇ."

ದೀಪಾವಳಿ ಬಂತು. ಹಬ್ಬದ ಮೂರು ದಿನವೂ ಹೊಡೆತ. ಹೋರಿಯ ಮೈಗೆ ಬಳಿಯುವ ಬಣ್ಣ ಚೆಲ್ಲಿದಳೆಂದು, ಕೊಬ್ಬರಿ ಹಾರದ ಗಂಟು ಸಡಿಲಾಯಿತೆಂದು. ಸೊಟ್ಟ ಕೈಯಲ್ಲಿ ಗಂಟು ಬಿಗಿಯಾಗುವುದಾದರೂ ಹೇಗೆ? ಹಬ್ಬ ಮುಗಿದ ಮರುವಾರ ತಿಳವಳ್ಳಿಯ ಹೊರಗಿನ ಬಯಲಿನಲ್ಲಿ ಹೋರಿ ಓಡಿಸುವ ಸ್ಪರ್ಧೆ. ಮಾಸೂರಿನಿಂದ ಎರಡು ಟೆಂಪೋ ಹೊರಟವು. ಗಿರಿಜವ್ವ ಬರುತ್ತೇನೆಂದಳು. ಹೆಂಗಸರಿಗೆ ಅಲ್ಲೇನು ಕೆಲಸ ಎಂದು ಅತ್ತೆ ಬೈದಳು. ಹೋರಿಗೆ ನೀರು ಕುಡಿಸಲು ಬರಲಿ ಎಂದು ದ್ಯಾಮಪ್ಪನೇ ಹೇಳಿದ. ನಾನು ಅವಳ ಜೊತೆಗೆ ಹೋದೆ.

ಕಟ್ಟಿಗೆಯ ತಡೆ ಹಾಕಿದ ಉದ್ದನೆಯ ಓಣಿ. ಎರಡೂ ಬದಿಗೆ ಟ್ರ್ಯಾಕ್ಟರ್ ಟ್ರೇಲರುಗಳು, ಅವುಗಳ ಮೇಲೆ ಜನ. ನಾವು ಎಡಬದಿಯ ಒಂದು ಟ್ರೇಲರಿನ ಮೇಲೆ ನಿಂತಿದ್ದೆವು. ನಾವು ಹೋಗುವ ಮೊದಲೇ ಒಬ್ಬ ಹುಡುಗನ ತೊಡೆ ಸೀಳಿ, ರಕ್ತ ಬಿದ್ದಲ್ಲಿ ಹೊಟ್ಟು ಎರಚಿದ್ದರು. ಹೊಟ್ಟಿನ ಮೇಲೆ ಮತ್ತೆ ರಕ್ತ, ಅದರ ಮೇಲೆ ಮತ್ತೆ ಹೊಟ್ಟು. ಹೋರಿಗಳು ಬರುತ್ತಿದ್ದುದು ಒಂದು ಗುಡ್ಡ ಕುಸಿದು ಬಂದ ಹಾಗೆ. ಕೊರಳಿಗೆ ಜೋತುಬಿದ್ದವರನ್ನು ಒದರಿ, ಕೊಬ್ಬರಿಯ ಜೊತೆ ಬೆರಳೂ ಹರಿದು ಹೋಗುವಂತೆ ಓಡುತ್ತಿದ್ದವು. ಮೈಕು ಒದರುತ್ತಿತ್ತು: "ಬರಾಕತ್ತೈತಿ! ಬರಾಕತ್ತೈತಿ! ಮಾಸೂರ ಸಿಡಿಲು!" ಜನವೆಲ್ಲ ಆ ಹೆಸರನ್ನೇ ಕೂಗಿದರು. ಸಿಡಿಲು! ಸಿಡಿಲು! ಗಿರಿಜವ್ವನ ಗಂಡ ಸಾಕಿದ ದನದ ಹೆಸರು ಸಾವಿರ ಬಾಯಲ್ಲಿ, ಗಂಡನ ಹೆಸರು ಹೆಂಡತಿಯ ಗಂಟಲಲ್ಲಿ ಗಂಟು.

ಸಿಡಿಲು ಒಂದು ಕೊಬ್ಬರಿಯೂ ಹೋಗದೆ ಪಾರಾಯಿತು. ದ್ಯಾಮಪ್ಪ ಓಣಿಯ ನಡುವೆ ಓಡಿಬಂದು, ಟವೆಲ್ಲು ತಿರುಗಿಸುತ್ತ, ಹೋರಿ ಹೋದ ಕಡೆ ಮುಖ ಮಾಡಿ ನಿಂತುಬಿಟ್ಟ. ಅದೇ ಹೊತ್ತಿಗೆ ಅವನ ಬೆನ್ನ ಹಿಂದೆ, ಸರದಿ ಬರುವ ಮೊದಲೇ, ಇನ್ನೊಂದು ಹೋರಿ ಹಗ್ಗ ಕಿತ್ತುಕೊಂಡಿತು. ಯಾವ ಊರಿನದೋ. ಅದರ ಹೆಸರನ್ನು ಮೈಕಿನಲ್ಲಿ ಇನ್ನೂ ಕೂಗಿರಲಿಲ್ಲ. ತಡೆಯ ಮೇಲಿದ್ದವರು "ಸರೀ! ಸರೀಲೇ!" ಎಂದು ಅರಚಿದರು. ಜಯಕಾರದಲ್ಲಿ ಅದೂ ಸೇರಿಹೋಯಿತು. ದ್ಯಾಮಪ್ಪ ತಿರುಗಲಿಲ್ಲ. ಆದರೆ ಅವನು ಸರಿಯಾಗಿ ನಡುವೆ ನಿಂತಿರಲಿಲ್ಲ, ಸ್ವಲ್ಪ ಬಲಕ್ಕಿದ್ದ. ಹೋರಿ ಎಡ ಅಂಚು ಹಿಡಿದು ಬರುತ್ತಿತ್ತು; ಅವನು ನಿಂತಲ್ಲೇ ಇದ್ದಿದ್ದರೆ ಪಕ್ಕದಲ್ಲೇ ಹಾದುಹೋಗುತ್ತಿತ್ತೇನೋ. ಇದನ್ನು ನಾನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಅಳೆದು ನೋಡಿದ್ದೇನೋ ಲೆಕ್ಕವಿಲ್ಲ.

ನನ್ನ ಪಕ್ಕದಲ್ಲಿ ಗಿರಿಜವ್ವ ಟ್ರೇಲರಿನ ಅಂಚು ಹಿಡಿದಳು. ಹೊಟ್ಟೆಯಿಂದ ಎತ್ತಿದಳು.

"ದ್ಯಾಮಪ್ಪಾ!"

ಅವನಿಗೆ ಕೇಳಿಸಿತು. ಅಷ್ಟು ಗದ್ದಲದಲ್ಲಿ ಅದೊಂದೇ ಕೇಳಿಸಿತು. ತಿರುಗಿದ. ಬೆನ್ನ ಹಿಂದಕ್ಕಲ್ಲ, ನಮ್ಮ ಕಡೆಗೆ, ಎಡಕ್ಕೆ. ಒಂದು ಹೆಜ್ಜೆ ಎತ್ತಿಯೂ ಇಟ್ಟ. ಅವಳ ಮುಖವನ್ನೇ ನೋಡಿದ. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಯಾರೋ ಪರಿಚಯದವರು ಕರೆದಾಗ ಮುಖ ಹೇಗಾಗುತ್ತದೋ ಹಾಗಿತ್ತು. ಕೊಂಬು ಪಕ್ಕೆಲುಬಿನ ಕೆಳಗೆ ಹೊಕ್ಕಾಗಲೂ ಅವನು ಅವಳನ್ನೇ ನೋಡುತ್ತಿದ್ದ. ಹೋರಿ ಅವನನ್ನು ಎತ್ತಿಕೊಂಡೇ ಹತ್ತು ಮಾರು ಓಡಿತು, ಕೊಡವಿತು, ತಡೆಗೆ ಒಗೆಯಿತು. ಕರುಳು ಕಟ್ಟಿಗೆಗೆ ಸಿಕ್ಕಿಕೊಂಡಿತು. ಹೊಟ್ಟು ಎರಚುವವನು ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದ. ಹಾನಗಲ್ಲಿನ ದಾರಿಯಲ್ಲಿ, ಟೆಂಪೋದೊಳಗೆ, ಅವನ ಪ್ರಾಣ ಹೋಯಿತು. ಗಿರಿಜವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ.

ಮೂರನೆಯ ದಿನ ಮನೆಯ ಮುಂದೆ ಊರ ಹಿರಿಯರು ಕೂತರು. ಅತ್ತೆ ಎದೆ ಬಡಿದುಕೊಂಡು ಕೂಗಿದಳು: "ಹೆಸರ ಹೇಳಿ ನುಂಗಿದ್ಲು! ನನ್ನ ಮಗನ ಆಯುಷ್ಯಾ ತಿಂದ್ಲು! ಈಕಿ ನನ್ನ ಹೊಸ್ತಿಲಾ ತುಳೀಬಾರದು!" ಆ ಹೊಸ್ತಿಲು ಬಿಟ್ಟರೆ ಗಿರಿಜವ್ವನಿಗೆ ಮಾಸೂರಿನಲ್ಲಿ ಬೇರೆ ನೆಲೆಯಿರಲಿಲ್ಲ. ನಾನು ಎದ್ದು ನಿಂತೆ. ನನ್ನ ಜೀವನದ ಅತ್ಯುತ್ತಮ ವಾದ ಅಂದು ಮಾಡಿದೆ. ತಾಯಿ ಹೇಳಿದರೆ ಸಾಯದವನು ಹೆಂಡತಿ ಹೇಳಿದರೆ ಸಾಯುವುದು ಹೇಗೆ? ಹಗ್ಗ ಕಿತ್ತುಕೊಂಡ ಹೋರಿಗೆ ಹೆಸರು ತಿಳಿಯುತ್ತದೆಯೇ? ಗೊತ್ತಿದ್ದೂ ಓಣಿಯ ನಡುವೆ ನಿಂತವನು ಯಾರು? ಒಬ್ಬ ಹಿರಿಯ ಕೇಳಿದ: "ಖರೇ ಹೇಳ್ರಿ ಅಕ್ಕೋರ, ನೀವು ಬಾಜೂಕ ಇದ್ರಿ. ಆಕಿ ಕೂಗಿದ್ದು ಅವಗ ಕೇಳಿಸ್ತೇನು?"

"ಇಲ್ಲ," ಎಂದೆ. "ಅಷ್ಟು ಗದ್ದಲದಾಗ ಯಾರಿಗೂ ಕೇಳಿಸಿಲ್ಲ. ಅವನಿಗೂ ಕೇಳಿಸಿಲ್ಲ."

ಹಿರಿಯರು ತಲೆದೂಗಿದರು. ವಾದ ಗೆದ್ದೆ. ಮನೆ ಮಾತ್ರ ಗೆಲ್ಲಲಿಲ್ಲ. ಅತ್ತೆ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಗಿರಿಜವ್ವ ತಡಸದ ತವರಿಗೆ ಹೊರಟಳು, ಒಂದು ಚೀಲ, ಹೋರಿ ಮೇದು ಉಳಿದ ಪುಸ್ತಕ. ಬಸ್ಸಿನ ಮೆಟ್ಟಿಲಲ್ಲಿ ನಿಂತು ಹೇಳಿದಳು: "ಕೇಳಿಸಿಲ್ಲ ಅಂದ್ರೆಲ್ಲ ಅಕ್ಕೋರ. ಕೇಳಿಸ್ತರಿ ಅವರಿಗೆ." ಬಾಗಿಲು ಮುಚ್ಚಿತು.

ಹೋದ ವಾರ ತಡಸದಲ್ಲಿ ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕೂತು, ಸೊಟ್ಟ ಮಣಿಕಟ್ಟಿಗೆ ತೆನೆ ಒತ್ತಿ ಹಿಡಿದು, ಬಲಗೈಯಿಂದ ಗೋವಿನಜೋಳ ಬಿಡಿಸುತ್ತಿದ್ದಳು. ನಾತ ಅಲ್ಲೂ ಇತ್ತು. "ಬರ್ರಿ ಅಕ್ಕೋರ, ಕುಂಡ್ರಿ," ಎಂದು ಮಣೆ ಹಾಕಿದಳು. ತಡಸದಲ್ಲೂ ಬಾವಿಯ ಹತ್ತಿರ ಹೆಂಗಸರು ಅವಳಿಗೆ ದಾರಿ ಬಿಟ್ಟು ಸರಿಯುತ್ತಾರಂತೆ, ತಮ್ಮ ಗಂಡಂದಿರ ಹೆಸರನ್ನು ಎಲ್ಲಿ ಹೇಳಿಬಿಡುತ್ತಾಳೋ ಎಂದು. "ಒಬ್ಬಾಕಿ ಭಾಳ ಜಗಳಾ ತಗದ್ಲು ನೋಡ್ರಿ. ನಿನ್ನ ಗಂಡನ ಹೆಸರ ಹೇಳ್ಲೇನು ಅಂದೆ. ಕೊಡಾ ಅಲ್ಲೇ ಬಿಟ್ಟು ಓಡಿದ್ಲು!" ಎಂದು ನಕ್ಕಳು. ಮಾತಿನ ನಡುವೆ ಸಲೀಸಾಗಿ ಅಂದಳು: "ದ್ಯಾಮಪ್ಪ ಇದ್ದಾಗ ಚಹಾಕ್ಕ ಶುಂಠಿ ಹಾಕಂಗಿದ್ದಿಲ್ರಿ, ಅವನಿಗೆ ಆಗ್ತಿರಲಿಲ್ಲ." ಅವನಿಗೆ ಎಂದಳು, ಅವರಿಗೆ ಎನ್ನಲಿಲ್ಲ. ಶುಂಠಿ ಹಾಕಿದ ಚಹಾ ಕೊಟ್ಟಳು.

ನಾನು ಕುಡಿದು ಮುಗಿಸಿದೆ. ಒಂದು ಕಡೆ, ಅವಳಿಗೇನೂ ಗೊತ್ತಿರಲಿಲ್ಲ, ಗಾಬರಿಯಲ್ಲಿ ಕೂಗಿದಳು, ನಾನು ಕಲಿಸಿದ್ದು ನೆರವಿಗೆ ಬಂತು. ಇನ್ನೊಂದು ಕಡೆ, ಆ ಹೋರಿ ಎಡ ಅಂಚಿನಲ್ಲಿ ಬರುತ್ತಿದ್ದುದನ್ನು ನನಗಿಂತ ಮೊದಲು ಅವಳು ನೋಡಿದ್ದಳು, ಕೂಗಿದರೆ ಅವನು ಯಾವ ಕಡೆ ತಿರುಗುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು, ಏಕೆಂದರೆ ನಾನೇ ಎರಡು ಸಲ ಹೇಳಿದ್ದೆ. ಎರಡೂ ಪಕ್ಷವನ್ನು ನಾನು ಅಷ್ಟೇ ಚೆನ್ನಾಗಿ ಮಂಡಿಸಬಲ್ಲೆ. ಹಾಗಾಗಿಯೇ ಮೂರು ವರ್ಷದಿಂದ ನಿದ್ದೆ ಸರಿಯಾಗಿಲ್ಲ. ಅವಳು ಇನ್ನೊಂದು ತೆನೆಯನ್ನು ಕೈಗೆತ್ತಿಕೊಂಡು ಮಣಿಕಟ್ಟಿಗೆ ಒತ್ತಿಕೊಂಡಳು. ಕಾಳು ಬುಟ್ಟಿಗೆ ಉದುರತೊಡಗಿತು. ನಾನು ಕೇಳಿದೆ:

"ಗಿರಿಜವ್ವಾ, ಅವತ್ತ ನೀ ಹೆಸರು ಹಿಡಿದು ಕರದದ್ದು, ಅಂವ ಸರೀಲಿ ಅಂತನೋ, ಒಮ್ಮೆ ನಿನ್ನ ಮಾರಿ ನೋಡ್ಲಿ ಅಂತನೋ, ಇಲ್ಲಾ ಹೋರಿ ದಾರ್ಯಾಗ ಬಂದು ಸಾಯಲಿ ಅಂತನೋ?"